ಬೋನಸ್ ಕೊಟ್ಟದ್ದು ತಪ್ಪು, ಟಚ್ ಕೊಟ್ಟದ್ದು ಇನ್ನೂ ದೊಡ್ಡ ತಪ್ಪು

ಶಾಲೆಯಲ್ಲಿ ನಾನು ಪಿಟಿ ಮೇಷ್ಟ್ರು. ಭಾನುವಾರ, ಹಬ್ಬದ ರಜೆ ಬಂದರೆ ಕಬಡ್ಡಿ ತೀರ್ಪುಗಾರ. ಪರೀಕ್ಷೆ ಪಾಸಾದ ಹೊಸದರಲ್ಲಿ ನಿಯಮವೆಲ್ಲ ಬಾಯಿಪಾಠ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ರೈಡ್‌ಗೆ 30 ಸೆಕೆಂಡ್. ನಡುಗೆರೆಯಿಂದ 3.75 ಮೀಟರ್ ದೂರಕ್ಕೆ ರೈಡರ್ ದಾಟಲೇಬೇಕಾದ ಬಾಕ್ ಲೈನ್, ಅಲ್ಲಿಂದ 1 ಮೀಟರ್ ಆಚೆ ಹೆಚ್ಚುವರಿ ಪಾಯಿಂಟ್ ತರುವ ಬೋನಸ್ ಗೆರೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಎರಡನೇ ವರ್ಷ ಮಂಡ್ಯ ಕಡೆಯ ಒಂದು ಊರಲ್ಲಿ ಹೊನಲು ಬೆಳಕಿನ ಟೂರ್ನಮೆಂಟ್. ಸೆಮಿಫೈನಲ್ ಶುರುವಾದಾಗ ರಾತ್ರಿ ಒಂದೂವರೆ. ಲೈಟಿಗೆ ಹುಳ ಮುತ್ತಿತ್ತು, ಮೈಕಿನವನ ಗಂಟಲು ಕಟ್ಟಿತ್ತು. ನಾನು ಅಂಪೈರ್. ರೈಡರ್ ಬೋನಸ್ ಗೆರೆ ದಾಟಿ ಕಾಲಿಟ್ಟ, ಹಿಂದಿನ ಕಾಲು ಗಾಳಿಯಲ್ಲಿತ್ತು. ಬೋನಸ್ ಅಂತ ಹೆಬ್ಬೆರಳು ಎತ್ತಿಬಿಟ್ಟೆ. ಆಚೆ ಬದಿಯ ಅಂಪೈರ್ ನನ್ನ ಬೆರಳು ನೋಡಿ ತಾನೂ ಎತ್ತಿದ.

ಬೋನಸ್ ಸಿಗಬೇಕಾದರೆ ಎದುರು ಕನಿಷ್ಠ 6 ಜನ ಇರಬೇಕು. ಅಲ್ಲಿ ಇದ್ದದ್ದು 5. ನಾನು ಕಾಲು ನೋಡಿದ್ದೆ, ತಲೆ ಎಣಿಸಿರಲಿಲ್ಲ.

ಆ ಐದು ಹುಡುಗರು ಕೂಗಿಕೊಂಡರು. ಸಂಜೆಯಿಂದ ಎಲ್ಲದಕ್ಕೂ ಕೂಗುತ್ತಲೇ ಇದ್ದರಲ್ಲ, ಇದೂ ಹಾಗೇ ಅಂದುಕೊಂಡೆ. ಗೊತ್ತಾಗುವಷ್ಟರಲ್ಲಿ ಮುಂದಿನ ರೈಡ್ ನಡೆಯುತ್ತಿತ್ತು. ಆಗಲೂ ಆಟ ನಿಲ್ಲಿಸಿ, ರೆಫರಿಯನ್ನು ಕರೆದು, ಸ್ಕೋರರ್ ಶೀಟು ನೋಡಬಹುದಿತ್ತು. ಒಂದು ನಿಮಿಷದ ಕೆಲಸ. ಅಷ್ಟು ಜನರ ಮುಂದೆ ‘ನಾನು ಎಣಿಸಲಿಲ್ಲ’ ಅನ್ನೋಕೆ ನಾಚಿಕೆ ಆಯಿತು, ಅಷ್ಟೇ.

ಮೂರ್ನಾಲ್ಕು ರೈಡ್ ಆದ ಮೇಲೆ, ನಾನು ಅನ್ಯಾಯ ಮಾಡಿದ್ದ ತಂಡದ ರೈಡರ್ ಮೂಲೆಯ ಹುಡುಗನ ಕಡೆ ಕೈ ಬೀಸಿ ಓಡಿಬಂದ. ಟಚ್ ಅಂತ ಕೈ ಎತ್ತಿದ. ನಾನು ನೋಡಿರಲಿಲ್ಲ. ಆದರೂ ಕೊಟ್ಟೆ. ಅವರಿಗೊಂದು ಹೋಗಿತ್ತು, ಇವರಿಂದ ಒಂದು ಕಿತ್ತುಕೊಂಡೆ, ಸರಿಹೋಯ್ತು ಅಂತ ಒಳಗೊಳಗೇ ಸಮಾಧಾನ ಬೇರೆ.

ಕಬಡ್ಡಿಯಲ್ಲಿ ಪಾಯಿಂಟಿಗೆ ಪಾಯಿಂಟು ಸಮ ಆಗಲ್ಲ. ಬೋನಸ್ ಕೊಟ್ಟರೆ ಒಂದು ಪಾಯಿಂಟ್ ಬರುತ್ತದೆ, ಯಾರೂ ಹೊರಗೆ ಹೋಗಲ್ಲ. ಟಚ್ ಕೊಟ್ಟರೆ ಪಾಯಿಂಟಿನ ಜೊತೆ ಈ ಕಡೆ ಒಬ್ಬ ಔಟ್, ಆ ಕಡೆ ಹೊರಗೆ ಕೂತವನೊಬ್ಬ ಒಳಗೆ. ನಾನು ಕೂರಿಸಿದ್ದು ಬೋನಸ್ ಪಡೆದಿದ್ದ ತಂಡದ ಒಳ್ಳೆಯ ಕ್ಯಾಚರನ್ನ. ‘ಮುಟ್ಟಿಲ್ಲ ಸಾರ್’ ಅಂದ ಒಂದೇ ಸಲ, ಹೋಗಿ ಕೂತ. ಸ್ವಲ್ಪ ಹೊತ್ತಿಗೆ ತಂಡ ಆಲೌಟ್, ಎದುರಿನವರಿಗೆ ಇನ್ನೆರಡು ಪಾಯಿಂಟ್. ಸೋತದ್ದು ಎರಡೇ ಪಾಯಿಂಟಿನಿಂದ.

ಊಟದ ಪಂಕ್ತಿಯಲ್ಲಿ ಸೋತ ತಂಡದ ಕೋಚ್ ಪಕ್ಕದಲ್ಲೇ ಕೂತರು. ಬೈತಾರೆ ಅಂದುಕೊಂಡೆ. ಅನ್ನ ಕಲಸುತ್ತಾ ಕೇಳಿದರು: ‘ಆ ಬೋನಸ್ ನಮ್ದಲ್ಲ ಅಂತ ನಮಗೂ ಗೊತ್ತಿತ್ತು ಮೇಷ್ಟ್ರೇ. ವಾಪಸ್ ತಗೊಂಡಿದ್ರೆ ತುಟಿ ಬಿಚ್ತಿರ್ಲಿಲ್ಲ. ಆ ಹುಡುಗನ್ನ ಯಾಕೆ ಕೂರಿಸಿದ್ರಿ?’ ನಾನು ಸಾಂಬಾರ್ ಬಡಿಸೋನನ್ನ ಕರೆದೆ.

2023ರ ಏಷ್ಯನ್ ಗೇಮ್ಸ್ ಫೈನಲ್ ನೆನಪಿದೆಯಲ್ವಾ? ಹಾಂಗ್‌ಝೌನಲ್ಲಿ ಭಾರತ, ಇರಾನ್ 28-28. ನಮ್ಮ ರೈಡರ್ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಟಚ್ ಆಗುವವರೆಗೆ ಕಾಲಿಡಬಾರದ ಅಂಕಣದ ಅಂಚಿನ ಪಟ್ಟಿಗೆ, ಕಾಲಿಟ್ಟರು, ಹಿಂದೆಯೇ ಇರಾನಿನವರೂ ಇಳಿದರು. ರೈಡರ್ ಒಬ್ಬನೇ ಔಟಾ, ಇಳಿದವರೆಲ್ಲ ಔಟಾ? ಹಳೇ ನಿಯಮ, ಹೊಸ ನಿಯಮ ಅಂತ ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33-29ರಿಂದ ಗೆದ್ದಿತು. ಸ್ಟಾಫ್ ರೂಮಲ್ಲಿ ಎಲ್ಲರೂ ತೀರ್ಪುಗಾರರನ್ನ ಆಡಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅವರು ಪ್ರಪಂಚದ ಮುಂದೆ ಒಂದು ಗಂಟೆ ನಿಂತರು, ನನಗೆ ಒಂದು ಊರಿನ ಮುಂದೆ ಒಂದು ನಿಮಿಷ ನಿಲ್ಲೋಕೆ ಆಗಿರಲಿಲ್ಲ.

‘ರೆಫರಿ ಆಗ್ಬೇಕು ಸಾರ್’ ಅಂತ ಹಳೇ ವಿದ್ಯಾರ್ಥಿಗಳು ಬರುತ್ತಾರೆ. ಇರುವ ಕೆಲಸ ಬಿಡಬೇಡ ಅನ್ನುತ್ತೇನೆ ಮೊದಲು. ಸ್ಥಳೀಯ ಪಂದ್ಯಗಳಲ್ಲಿ ಸಿಗುವ ದುಡ್ಡು ಬಸ್ಸಿಗೆ, ಶೂಗೆ ಸರಿಹೋಗುತ್ತದೆ. ಆಮೇಲೆ ಅಂಕಣದ ಪಕ್ಕ ನಿಲ್ಲಿಸಿ ನನ್ನ ಎಡಗೈ ತೋರಿಸುತ್ತೇನೆ. ಪ್ರತಿ ರೈಡ್‌ಗೂ ಮುಂಚೆ ತಲೆ ಎಣಿಸುತ್ತೇನೆ. ಆರಕ್ಕಿಂತ ಕಡಿಮೆ ಇದ್ದರೆ ಹೆಬ್ಬೆರಳನ್ನ ಒಳಗೆ ಮಡಚಿ ಮುಷ್ಟಿ ಕಟ್ಟಿಬಿಡುತ್ತೇನೆ. ಅದನ್ನ ಬಿಡಿಸಿ ಮೇಲೆತ್ತುವಷ್ಟರಲ್ಲಿ ನೆನಪಾಗುತ್ತದೆ.