ಏಳನೆಯ ಮಾತ್ರೆಯ ನಂತರ

ಕಲಬುರಗಿಯ ಶಾಲೆಯೊಂದರಲ್ಲಿ ನಾಲ್ಕು ವರ್ಷ ಸಂಗೀತ ಹೇಳಿಕೊಟ್ಟು, ಮದುವೆಯ ನಂತರ ಸ್ಪೇನಿನ ಸೆವಿಲ್ಲೆಗೆ ಬಂದು ನೆಲೆಸಿ, ಇಲ್ಲಿಯ ಪ್ರಾಥಮಿಕ ಶಿಕ್ಷಕರ ಪದವಿಗೆ ಸೇರಿದ ನನಗೆ, ಓದಿನ ಕೊನೆಗೆ ಒಂದು ಪ್ರಬಂಧವನ್ನು ಬರೆಯಲೇಬೇಕೆಂದು ತಿಳಿದಾಗ ಅಚ್ಚರಿಯಾಗಿತ್ತು. ಹಾಡಲು, ನುಡಿಸಲು, ಮಕ್ಕಳಿಗೆ ಕಲಿಸಲು ಬಂದರೆ ಸಾಲದೇ ಎಂದುಕೊಂಡಿದ್ದೆ. ಊರಿನಲ್ಲಿ ನಾನು ಕಟ್ಟಿದ ಜೂನಿಯರ್, ಸೀನಿಯರ್ ಪರೀಕ್ಷೆಗಳಲ್ಲಿ ರಾಗಲಕ್ಷಣ ಬರೆದಿದ್ದೆನೇ ಹೊರತು, ಮಗುವೊಂದು ತಾಳವನ್ನು ಹೇಗೆ ಕಲಿಯುತ್ತದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಈ ಪದವಿ ನಾಲ್ಕು ವರ್ಷದ್ದು, ಒಟ್ಟು 240 ಕ್ರೆಡಿಟ್. ಸಂಗೀತವನ್ನು ವಿಶೇಷ ವಿಷಯವಾಗಿ ಆರಿಸಿಕೊಂಡವರು ಅದರೊಳಗೇ 30ರಿಂದ 60 ಕ್ರೆಡಿಟ್‌ಗಳಷ್ಟು ಅದನ್ನು ಓದುತ್ತಾರೆ. ‘ತ್ರಬಾಹೊ ಫಿನ್ ದೆ ಗ್ರಾದೊ’ ಎಂದು ಕರೆಯುವ ಅಂತಿಮ ಪ್ರಬಂಧವನ್ನು 2007ರ ಸರ್ಕಾರಿ ಆದೇಶ ಕಡ್ಡಾಯಗೊಳಿಸಿತು. ಅದಕ್ಕೆ ಕನಿಷ್ಠ 6 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ದುಡಿಮೆಯೆಂದು ಲೆಕ್ಕ.

‘ಭಾರತೀಯ ಸಂಗೀತ ಮತ್ತು ಸ್ಪೇನಿನ ಶಾಲೆ’ ಎಂಬ ನನ್ನ ಮೊದಲ ವಿಷಯವನ್ನು ಮಾರ್ಗದರ್ಶಕಿ ಒಪ್ಪಲಿಲ್ಲ. ಅದನ್ನು ಕಿರಿದುಗೊಳಿಸುತ್ತ ಹೋಗಿ, ಮೂರನೇ ತರಗತಿಯ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತದ ರೂಪಕ ತಾಳವನ್ನು ಬರಹವಿಲ್ಲದೆ, ಕೈಯಿಂದಲೇ ಕಲಿಸುವುದು ಎಂಬಲ್ಲಿಗೆ ಬಂದು ನಿಂತೆವು. ಮೂರು, ಎರಡು, ಎರಡು ಎಂದು ಏಳು ಮಾತ್ರೆಯ, ಅಂದರೆ ಏಳು ಎಣಿಕೆಯ ತಾಳ. ಮೊದಲ ಮಾತ್ರೆಯೇ ಖಾಲಿ, ಅಲ್ಲಿ ಚಪ್ಪಾಳೆಯ ಬದಲು ಕೈ ಬೀಸುತ್ತಾರೆ. ಇಲ್ಲಿಯ ಹಾಡು-ಕುಣಿತವಾದ ಫ್ಲಮೆಂಕೊದ ಬುಲೆರಿಯಾ ಎಂಬ ಪ್ರಕಾರದಲ್ಲಿ ಹನ್ನೆರಡು ಮಾತ್ರೆಗೆ ಚಪ್ಪಾಳೆ ತಟ್ಟುವವರ ನಡುವೆ ಬೆಳೆದ ಮಕ್ಕಳಿಗೆ ಇದು ಸುಲಭವೆಂದೇ ನಾನು ನಂಬಿದ್ದೆ.

ಮೊದಲ ಕರಡಿನಲ್ಲಿ ‘ಮಕ್ಕಳು ಖುಷಿಯಿಂದ ಭಾಗವಹಿಸಿದರು, ಆದರೆ ಲೆಕ್ಕ ತಪ್ಪಿದರು’ ಎಂದು ಬರೆದಿದ್ದೆ. ಮಾರ್ಗದರ್ಶಕಿ ಎರಡೂ ಮಾತುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಖುಷಿಯನ್ನು ಎಲ್ಲಿ ಕಂಡಿರಿ, ಲೆಕ್ಕ ಯಾವ ಮಾತ್ರೆಯಲ್ಲಿ ತಪ್ಪಿತು ಎಂದು ಕೇಳಿದರು. ಪಾಲಕರ ಲಿಖಿತ ಒಪ್ಪಿಗೆ ಪಡೆದು ಮಾಡಿದ್ದ ವಿಡಿಯೊವನ್ನು ನಿಧಾನಗೊಳಿಸಿ ನೋಡಿದಾಗ ಕಂಡದ್ದೇ ಬೇರೆ. ಮಕ್ಕಳು ಎಣಿಕೆ ತಪ್ಪಿರಲಿಲ್ಲ. ಏಳನೆಯ ಮಾತ್ರೆಯಾದ ಮೇಲೆ ಕೈಗಳನ್ನು ಗಾಳಿಯಲ್ಲಿ ತಡೆದು, ಒಂದು ಮೌನ ಸೇರಿಸಿ, ಏಳನ್ನು ಎಂಟು ಮಾಡಿಕೊಂಡೇ ಮುಂದೆ ಹೋಗುತ್ತಿದ್ದರು. ಅವರು ಶಾಲೆಯಲ್ಲಿ ಹಾಡುತ್ತಿದ್ದ ಹಾಡುಗಳೆಲ್ಲ ನಾಲ್ಕು, ಎಂಟರ ಲೆಕ್ಕದಲ್ಲೇ ಮುಗಿಯುತ್ತಿದ್ದವು. ಆಮೇಲೆ ಎಣಿಕೆಯನ್ನು ಬಿಟ್ಟು ‘ತಿನ್ ತಿನ್ ನಾ, ಧಿ ನಾ, ಧಿ ನಾ’ ಎಂಬ ತಬಲಾದ ಬೋಲುಗಳನ್ನು ಬಾಯಲ್ಲಿ ಹೇಳಿಸುತ್ತ ವೃತ್ತಾಕಾರವಾಗಿ ನಡೆಸಿದೆ. ಮೂರನೇ ದಿನಕ್ಕೆ ಆ ಮೌನ ಬಹುಪಾಲು ಮಾಯವಾಯಿತು.

ನನ್ನ ದೃಷ್ಟಿಯಲ್ಲಿ ಈ ಪ್ರಬಂಧದ ಬೆಲೆ ಇರುವುದು ಇಲ್ಲಿಯೇ. ಬರೆಯಬೇಕಾಗಿ ಬರದಿದ್ದರೆ ಆ ವಿಡಿಯೊವನ್ನು ನಾನು ಎರಡನೇ ಸಲ ನೋಡುತ್ತಿರಲಿಲ್ಲ. ಆದರೆ ಸಮಯ ಸಾಲದೆ, ನನ್ನ ಸಹಪಾಠಿಗಳಲ್ಲಿ ಹಲವರು ತರಗತಿಯಲ್ಲಿ ಒಮ್ಮೆಯೂ ಪ್ರಯೋಗಿಸದ ಪಾಠಯೋಜನೆಯನ್ನೇ ಪ್ರಬಂಧವಾಗಿ ಒಪ್ಪಿಸಿದರು. ಅದು ನನಗೆ ಈಗಲೂ ಬೇಸರದ ಸಂಗತಿ. ನಮ್ಮಲ್ಲಿ ಬಿ.ಎಡ್. ಓದಿದವರಿಗೆ ಕ್ರಿಯಾ ಸಂಶೋಧನೆ, ಅಂದರೆ ತಮ್ಮದೇ ತರಗತಿಯ ತೊಡಕೊಂದನ್ನು ಪರೀಕ್ಷಿಸಿ ಬರೆಯುವುದು, ಹೊಸದಲ್ಲ. ಸಂಗೀತ ಶಿಕ್ಷಕರಾಗುವವರಿಗೂ ಅಂಥದೊಂದು ಬರಹ ಬೇಕು, ಅದು ಮಕ್ಕಳ ಮುಂದೆ ಕುಳಿತು ಬರೆದದ್ದಾಗಿರಬೇಕು.

ಪರೀಕ್ಷಕರ ಮುಂದೆ ಪ್ರಬಂಧ ಮಂಡಿಸಿದ ಸಂಜೆ ಕಲಬುರಗಿಯಲ್ಲಿರುವ ನನ್ನ ಗುರುಗಳಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಣ್ಣಾಕಿದ್ದಾಗ ನೀನೂ ಹಂಗೇ ಎಂಟನೇದು ಹಾಕತಿದ್ದಿ ತಂಗಿ. ಅದಕ್ಕೇ ನಿನ್ನ ತೊಡಿ ಮ್ಯಾಲ ತಾಳ ಹಾಕಿ ಹಾಕಿ ಬಿಡಿಸೀನಿ” ಎಂದರು. ದಸರೆಗೆ ಊರಿಗೆ ಬಂದಾಗ, ಅವರು ಮಕ್ಕಳಿಗೆ ರೂಪಕ ಹೇಳಿಕೊಡುವಲ್ಲಿ ಒಂದು ವಾರ ಕುಳಿತು ಬರೆದುಕೊಳ್ಳಲು ಅನುಮತಿ ಕೇಳಿದ್ದೇನೆ, ಬಾ ಎಂದಿದ್ದಾರೆ.