ಜೂನಿಗೆ ಮೊದಲೇ ಮಾತಾಡಿಕೊಳ್ಳಬೇಕಾದ ಮನೆಗೆಲಸ

ಕಾಸರಗೋಡಿನಲ್ಲಿ ಮಳೆಯೂ ಶಾಲೆಯೂ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾಗುತ್ತವೆ. ಎಪ್ರಿಲ್, ಮೇ ತಿಂಗಳಲ್ಲಿ ಜಾಲಿನಲ್ಲಿ (ಅಂಗಳದಲ್ಲಿ) ಹಾಕಿದ ಬಟ್ಟೆ ನೋಡುನೋಡುತ್ತ ಒಣಗುತ್ತದೆ, ತಿಂಡಿ ಒಂದು ಗಂಟೆ ತಡವಾದರೂ ಯಾರಿಗೂ ಗಡಿಬಿಡಿಯಿಲ್ಲ. ಜೂನ್ ಬಂದದ್ದೇ ಎಲ್ಲವೂ ಒಮ್ಮೆಲೇ ಬಿಗಿಯಾಗುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಗಂಡ ಹೆಂಡತಿ ಇಬ್ಬರೂ ಹೊರಗೆ ದುಡಿಯುವ ಮನೆಗಳು ಈಗ ಬೇಕಾದಷ್ಟಿವೆ. ಅಂಥ ಮನೆಗಳಲ್ಲಿ ಮಳೆಗಾಲದ ಜಗಳಗಳು ಬಹುಪಾಲು ಒಂದೇ ಮಾತಿನಿಂದ ಹುಟ್ಟುತ್ತವೆ: "ನೀನು ಹೇಳಿದ್ದರೆ ನಾನು ಮಾಡುತ್ತಿದ್ದೆನಲ್ಲ."

ಹೇಳುವುದೂ ಒಂದು ಕೆಲಸವೇ. ಡಬ್ಬಿಯಲ್ಲಿ ಉದ್ದು ಮುಗಿಯುತ್ತ ಬಂದಿದೆ ಎಂದು ಕಾಣುವುದು, ತರುವುದು, ನೆನೆಹಾಕುವುದು, ಕಡೆಯುವುದು, ಗ್ರೈಂಡರು ತೊಳೆದಿಡುವುದು ಎಲ್ಲ ಸೇರಿದರೆ ಒಂದು ಕೆಲಸ. ಇದರಲ್ಲಿ ಕಡೆಯುವುದೊಂದನ್ನು ಗಂಡ ಮಾಡಿ, ಉಳಿದದ್ದನ್ನು ನೆನಪಿಟ್ಟುಕೊಳ್ಳುವ ಹೊರೆ ಹೆಂಡತಿಯ ತಲೆಯಲ್ಲೇ ಉಳಿದರೆ ಅದು ಹಂಚಿಕೆ ಆಗಲಿಲ್ಲ. ಹಂಚುವುದಾದರೆ ತಲೆಯಿಂದ ಬುಡದವರೆಗೆ ಇಡೀ ಕೆಲಸವನ್ನು ಹಂಚಬೇಕು. ಮೇ ಕೊನೆಯ ವಾರದಲ್ಲಿ ಒಂದು ಸಂಜೆ ಕೂತು ಇದನ್ನು ನಿರ್ಧರಿಸಿಕೊಂಡರೆ ಮಳೆಗಾಲ ಎಷ್ಟೋ ಹಗುರವಾಗುತ್ತದೆ.

ಉದ್ದಿನ ದೋಸೆಯನ್ನೇ ತೆಗೆದುಕೊಳ್ಳಿ. ನಾಲ್ಕು ಜನರ ಮನೆಯಲ್ಲಿ ಎರಡು ಬೆಳಗ್ಗೆಗೆ 3 ಕುಡ್ತೆ (ಅಳತೆಯ ಲೋಟ) ಬೆಳ್ತಿಗೆ ಅಕ್ಕಿ, 1 ಕುಡ್ತೆ ಉದ್ದು, 1 ಚಮಚ ಮೆಂತೆ ಸಾಕು. ನಾಲ್ಕೈದು ಗಂಟೆ ನೆನೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಧ್ಯಾಹ್ನ ಎರಡು ಗಂಟೆಗೆ ನೆನೆಹಾಕಲು ಮನೆಯಲ್ಲಿ ಯಾರಿದ್ದಾರೆ? ಬೆಳಗ್ಗೆ ಹೊರಡುವಾಗಲೇ ನೆನೆಹಾಕಿ ಸಂಜೆ ಆರೂವರೆಗೆ ಕಡೆದರೆ ಮಳೆಗಾಲದಲ್ಲಿ ಏನೂ ಕೆಡುವುದಿಲ್ಲ. ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಟ್ಟರೆ ನೆನೆದ ನೀರೇ ಹುಳಿವಾಸನೆ ಹೊಡೆಯುತ್ತದೆ, ಆಗ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಬೇಕು. ಉದ್ದನ್ನು ಮೊದಲು, ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕಿ ನುಣ್ಣಗೆ ಉಬ್ಬುವವರೆಗೆ ಕಡೆಯಿರಿ. ಒಮ್ಮೆಲೇ ನೀರು ಸುರಿದರೆ ಹಿಟ್ಟಿಗೆ ಗಾಳಿ ಕೂಡುವುದಿಲ್ಲ, ದೋಸೆ ಚರ್ಮದ ಹಾಗೆ ಎಳೆಯುತ್ತದೆ. ಜುಲೈಯ ಚಳಿಗೆ ಹಿಟ್ಟು ಹುಳಿಯಲು ಹನ್ನೆರಡು ಗಂಟೆಯೂ ಬೇಕಾದೀತು, ಎಪ್ರಿಲಿನಲ್ಲಿ ಆರೇಳು ಗಂಟೆ ಸಾಕು. ಉಪ್ಪು ಹುಳಿ ಬರುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ರಾತ್ರಿಯೇ ಉಪ್ಪು ಹಾಕಿ, ಮಳೆಗಾಲದಲ್ಲಿ ಬೆಳಗ್ಗೆ ಹಾಕಿ. ಪಾತ್ರೆಯಲ್ಲಿ ಅರ್ಧದಷ್ಟು ಮಾತ್ರ ಹಿಟ್ಟಿರಲಿ, ಬೆಚ್ಚಗಿನ ಒಲೆಯ ಪಕ್ಕದಲ್ಲಿಡಿ. ಚಟ್ನಿಯ ತೆಂಗಿನಕಾಯಿಯನ್ನು ರಾತ್ರಿಯೇ ತುರಿದು ಫ್ರಿಜ್ಜಿನಲ್ಲಿಡಬಹುದು, ರುಬ್ಬುವುದು ಮಾತ್ರ ಬೆಳಗ್ಗೆಯೇ ಆಗಬೇಕು.

ಈ ಕೆಲಸ ಯಾರ ಪಾಲಿಗೋ ಅವರೇ ತಿಂಗಳ ಅಕ್ಕಿ, ಉದ್ದಿನ ಲೆಕ್ಕವನ್ನೂ ನೋಡಿಕೊಳ್ಳಬೇಕು. ಉದ್ದು ಮುಗಿದ ರಾತ್ರಿ ಅಕ್ಕಿಯೊಂದನ್ನೇ ನೆನೆಹಾಕಿ ಬೆಳಗ್ಗೆ ನೀರುದೋಸೆ ಮಾಡುವ ತೀರ್ಮಾನವೂ ಅವರದೇ. ಉಳಿದವರು ಅದರಲ್ಲಿ ಬಾಯಿ ಹಾಕಬಾರದು. ಕೆಲಸ ಕೊಟ್ಟ ಮೇಲೆ ಅದನ್ನು ಮಾಡುವ ರೀತಿಯನ್ನೂ ಬಿಟ್ಟುಕೊಡಬೇಕು. ಇದು ಹೆಂಗಸರಿಗೂ, ಮನೆಯಲ್ಲಿ ಅತ್ತೆಯವರಿದ್ದರೆ ಅವರಿಗೂ ಕಷ್ಟವೇ. ಆದರೆ ದೋಸೆ ಮೊದಲ ವಾರ ದಪ್ಪ ಬಂದರೆ ಬರಲಿ, ಎರಡನೇ ವಾರಕ್ಕೆ ಸರಿಯಾಗುತ್ತದೆ.

ಬಟ್ಟೆಯ ವಿಷಯದಲ್ಲಿ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ಭಾನುವಾರಕ್ಕೆ ಎಲ್ಲವನ್ನೂ ರಾಶಿ ಹಾಕುವುದು. ಜುಲೈಯಲ್ಲಿ ಹತ್ತಿಪ್ಪತ್ತು ಬಟ್ಟೆ ಒಟ್ಟಿಗೆ ಒಗೆದರೆ ಒಣಗಿಸಲು ಜಾಗ ಸಾಲದು, ಒತ್ತೊತ್ತಾಗಿ ಹಾಕಿದ್ದು ಎರಡು ದಿನ ಒದ್ದೆಯಾಗಿಯೇ ಇರುತ್ತದೆ. ಆ ಮುಗ್ಗಲು ವಾಸನೆ ಕೊಳೆಯಿಂದಲ್ಲ, ಒದ್ದೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಸೋಪಿನ ಪುಡಿ ಹೆಚ್ಚು ಹಾಕಿದರೆ ಅದು ಹೋಗುವುದಿಲ್ಲ, ಬಟ್ಟೆಯಲ್ಲಿ ಉಳಿದ ಪುಡಿ ಇನ್ನಷ್ಟು ತೊಂದರೆ ಕೊಡುತ್ತದೆ. ದಿನಾ ಸ್ವಲ್ಪ ಸ್ವಲ್ಪ ಒಗೆಯಿರಿ, ಮೆಷಿನ್ನಿದ್ದರೆ ಎರಡು ಸಲ ಹಿಂಡಿಸಿ, ಬಟ್ಟೆಗಳ ನಡುವೆ ಒಂದು ಗೇಣು ಬಿಡಿ, ಕೆಳಗಿನಿಂದ ಫ್ಯಾನಿನ ಗಾಳಿ ತಾಗಲಿ. ಯೂನಿಫಾರ್ಮ್ ಮೂರು ಜೊತೆ ಇರಲೇಬೇಕು: ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಕಪಾಟಿನಲ್ಲಿ. ದಪ್ಪ ಟವೆಲುಗಳನ್ನು ಮೇಯಲ್ಲೇ ಒಣಗಿಸಿ ಒಳಗಿಟ್ಟು ತೆಳು ಬಟ್ಟೆಯ ಬೈರಾಸು ಹೊರತೆಗೆಯಿರಿ. ಮೀಯುವ ನೀರು ಕಾಯಿಸುವ ಒಲೆಯ ಮೇಲಿನ ಹಗ್ಗ ಬೈರಾಸಿಗೆ, ಒಳಬಟ್ಟೆಗೆ ಒಳ್ಳೆಯದು. ಶಾಲೆಯ ಬಿಳಿ ಅಂಗಿಯನ್ನು ಅಲ್ಲಿ ಹಾಕಬೇಡಿ, ಹೊಗೆಯ ಬಣ್ಣ ಹಿಡಿದರೆ ಹೋಗುವುದಿಲ್ಲ. ಈ ಕೆಲಸವೂ ಮಡಚಿ ಕಪಾಟಿನಲ್ಲಿಟ್ಟಾಗಲೇ ಮುಗಿಯುವುದು, ಹಗ್ಗಕ್ಕೆ ಹಾಕಿದಾಗ ಅಲ್ಲ.

ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಕಹಿ ತರುವುದು ಮಳೆರಜೆ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಕೊಟ್ಟರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆಯ ಅಂದಾಜು, ಅದನ್ನೂ ಮೀರಿದರೆ ರೆಡ್. ಕಲೆಕ್ಟರರ ರಜೆಯ ಸುದ್ದಿ ಹಿಂದಿನ ರಾತ್ರಿ ಬಂದರೆ ಪುಣ್ಯ, ಕೆಲವೊಮ್ಮೆ ಬೆಳಗ್ಗೆ ಬುತ್ತಿ ಕಟ್ಟುವ ಹೊತ್ತಿಗೆ ಬರುತ್ತದೆ. ಆಗ ಯಾರು ಮನೆಯಲ್ಲಿ ನಿಲ್ಲುವುದು ಎಂಬ ಚರ್ಚೆ ಶುರುವಾದರೆ, ಸಂಬಳ ಕಡಿಮೆ ಇರುವವರೋ, ಮೇಲಧಿಕಾರಿ ಸ್ವಲ್ಪ ಮೆದು ಇರುವವರೋ ಪ್ರತಿಸಲ ಸೋಲುತ್ತಾರೆ, ಮತ್ತೆ ಅದು ಹೆಚ್ಚಾಗಿ ಹೆಂಡತಿಯೇ. ಆದ್ದರಿಂದ ಮೊದಲೇ ಸರದಿ ಕಟ್ಟಿಕೊಳ್ಳಿ: ಮೊದಲ ಮಳೆರಜೆ ಒಬ್ಬರದು, ಎರಡನೆಯದು ಮತ್ತೊಬ್ಬರದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಿಂಗಳ ಲೆಕ್ಕದಲ್ಲಿ ಹಂಚಬೇಡಿ, ಜುಲೈ ಬಿದ್ದವರಿಗೆ ಅನ್ಯಾಯವಾಗುತ್ತದೆ. ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಅವರನ್ನು ಕೇಳಿಯೇ ಲೆಕ್ಕಕ್ಕೆ ಸೇರಿಸಿ. ಮೊಣಕಾಲು ನೋವಿರುವ ಅಜ್ಜಿಗೆ ಎರಡು ಪುಟ್ಟ ಮಕ್ಕಳ ಹಿಂದೆ ಇಡೀ ದಿನ ಓಡಲು ಆಗುವುದಿಲ್ಲ, ಆಗುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ. ತೋಟಕ್ಕೆ ಮದ್ದು ಬಿಡುವ ದಿನವನ್ನೂ ಇದರೊಂದಿಗೇ ಯೋಚಿಸಿ. ಆವತ್ತು ಆಳುಗಳಿಗೆ ಊಟ ಆಗಬೇಕು, ಮಕ್ಕಳನ್ನು ನೋಡುವವರೇ ಅಡುಗೆಯನ್ನೂ ನೋಡುವುದು ಸರಿಯಲ್ಲ.

ಬಾವಿಯ ಕೆಲಸ ವರ್ಷಕ್ಕೆ ಕೆಲವೇ ಸಲ ಬರುವುದಾದರೂ ಅದಕ್ಕೊಬ್ಬರು ಹೊಣೆ ಇರಲೇಬೇಕು. ಮೊದಲ ದೊಡ್ಡ ಮಳೆಯ ನಂತರ ನೀರು ಕಲಂಕಿದರೆ ಬ್ಲೀಚಿಂಗ್ ಪೌಡರ್ ಹಾಕಬೇಕು. ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. ಎರಡೂವರೆ ಮೀಟರ್ ಅಗಲ, ನಾಲ್ಕು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 19,600 ಲೀಟರ್. ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ, ನೀರು ಕೆಟ್ಟಾಗ 5 ಗ್ರಾಂ. ಅಂದರೆ ಇಲ್ಲಿ ಸುಮಾರು 50 ಅಥವಾ 100 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಾಲ್ದಿಯಲ್ಲಿ ಸ್ವಲ್ಪ ನೀರಿನಲ್ಲಿ ಕಲಸಿ, ಮುಕ್ಕಾಲು ನೀರು ತುಂಬಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಬೇರೆ ಬಾಲ್ದಿಗೆ ಬಗ್ಗಿಸಿ ಅದನ್ನು ಬಾವಿಯೊಳಗೆ ಇಳಿಸಿ ನೀರಿನಡಿಯಲ್ಲಿ ಏರಿಸಿ ಇಳಿಸಿ ಕದಡಿ. ಒಂದು ಗಂಟೆಯಾದರೂ ನೀರು ಮುಟ್ಟಬಾರದು, ರಾತ್ರಿ ಮಾಡಿದರೆ ಅನುಕೂಲ. ಒಡೆದ ಪ್ಯಾಕೆಟು ನಮ್ಮ ಮಳೆಗಾಲದ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಕಳೆದ ವರ್ಷದ ಪುಡಿಯನ್ನು ನಂಬಬೇಡಿ. ಕುಡಿಯುವ ನೀರನ್ನಂತೂ ಇದಾದ ಮೇಲೂ ಕುದಿಸಿಯೇ ಕುಡಿಯಿರಿ.

ಮಕ್ಕಳಿಗೂ ಇಡೀ ಕೆಲಸವನ್ನೇ ಕೊಡಿ. "ಅಮ್ಮನಿಗೆ ಸಹಾಯ ಮಾಡು" ಎಂದರೆ ಮಗುವಿಗೆ ಏನೂ ಅರ್ಥವಾಗುವುದಿಲ್ಲ. ಹತ್ತು ವರ್ಷದವರಿಗೆ ಹೇಳಿ ಮಾಡಿಸಿದಂಥ ಕೆಲಸ ಭಾನುವಾರದ ಡ್ರೈ ಡೇ: ಜಾಲಿನ ಗೆರಟೆ, ಬಿದ್ದ ಅಡಕೆ ಹಾಳೆ, ರಬ್ಬರಿನ ಚಿಪ್ಪು, ಹೂವಿನ ಚಟ್ಟಿಯಡಿಯ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಎಲ್ಲದರ ನೀರು ಚೆಲ್ಲಿ ಕವುಚಿ ಹಾಕುವುದು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ವಾರದಿಂದ ಹತ್ತು ದಿನ ಹಿಡಿಯುತ್ತದೆ, ಅದಕ್ಕೇ ವಾರಕ್ಕೊಮ್ಮೆ ತಪ್ಪಬಾರದು. ಕಾರಣ ಹೇಳಿಕೊಟ್ಟರೆ ಮಕ್ಕಳು ದೊಡ್ಡವರಿಗಿಂತ ಚೊಕ್ಕವಾಗಿ ಹುಡುಕುತ್ತಾರೆ. ಚಪ್ಪಲಿ ಹಾಕದೆ, ಕಾಲಲ್ಲಿ ಗಾಯ ಇರುವಾಗ ಇಳಿಯಲು ಬಿಡಬೇಡಿ, ಇಲಿಜ್ವರದ ಭಯವಿದೆ. ಐದು ವರ್ಷದವರು ಊಟಕ್ಕೆ ಬಟ್ಟಲಿಡಬಲ್ಲರು, ಎಂಟರವರು ಬೈರಾಸು ಮಡಚಬಲ್ಲರು. ಗಂಡು ಹೆಣ್ಣು ಎಂಬ ಭೇದ ಮಾತ್ರ ಬೇಡವೇ ಬೇಡ.

ಇನ್ನು ಕಾಗದಪತ್ರ. ಪುತ್ತೂರು, ಸುಳ್ಯ, ವಿಟ್ಲದಿಂದ ಇಲ್ಲಿಗೆ ಮದುವೆಯಾಗಿ ಬಂದ ಹೆಚ್ಚಿನವರಿಗೆ ಮಲಯಾಳ ಓದಲು ಬರುವುದಿಲ್ಲ. ಹಾಗಾಗಿ ಪಂಚಾಯತು, ಸರಕಾರಿ ಅರ್ಜಿಗಳ ಅಕ್ಷಯ ಕೇಂದ್ರ, ಕರೆಂಟು ಬಿಲ್ಲು ಎಲ್ಲವೂ ಗಂಡನ ಪಾಲಿಗೆ, ಅಡುಗೆಮನೆ ಪೂರ್ತಿ ಹೆಂಡತಿಯ ಪಾಲಿಗೆ ಎಂದು ತಾನಾಗಿಯೇ ಗಟ್ಟಿಯಾಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹಿರಿಯ ಹೆಂಗಸು, ಆದರೆ ಆ ಕಾರ್ಡನ್ನು ಓದಲು ಆಕೆ ಇನ್ನೊಬ್ಬರನ್ನು ಕೇಳಬೇಕು! ಮಗು ಶಾಲೆಯಲ್ಲಿ ಮಲಯಾಳ ಅಕ್ಷರ ಕಲಿಯುವ ವರ್ಷ ಅದರ ಪಕ್ಕದಲ್ಲೇ ಕೂತು ಕಲಿಯಿರಿ. ಕನ್ನಡ ಬಲ್ಲವರು ಎಡವುವುದು ಹೆಚ್ಚಾಗಿ ಚಿಲ್ಲಕ್ಷರಗಳಲ್ಲಿ: ಣ್, ನ್, ರ್, ಲ್, ಳ್ ಇವಕ್ಕೆ ಅಲ್ಲಿ ಬೇರೆಯೇ ರೂಪಗಳಿವೆ. ಬಸ್ಸಿನ ಬೋರ್ಡಿನಿಂದ ಶುರುಮಾಡಿ ಕರೆಂಟು ಬಿಲ್ಲಿಗೆ ಬನ್ನಿ. ಆ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳ ಸರಾಸರಿ 250 ಯೂನಿಟ್ ದಾಟಿದರೆ ಹೆಚ್ಚಿನದ್ದಕ್ಕೆ ಮಾತ್ರವಲ್ಲ, ಇಡೀ ಬಳಕೆಗೇ ಮೇಲಿನ ದರ ಬೀಳುತ್ತದೆ. ಬಿಲ್ಲಿನ ಹೊಣೆ ಹೊತ್ತವರು ಅವಧಿಯ ನಡುವೆ ಒಮ್ಮೆ ಮೀಟರು ನೋಡಿ, ಕಳೆದ ಬಿಲ್ಲಿನ ನಂತರದ ಬಳಕೆ 250 ದಾಟಿದ್ದರೆ ಮನೆಯವರಿಗೆ ಹೇಳಲಿ.

ಮೇಯಲ್ಲಿ ಮಾಡಿಕೊಂಡ ಹಂಚಿಕೆಯನ್ನು ಓಣಂ ರಜೆಯಲ್ಲಿ ಮತ್ತೆ ನೋಡಿ. ಅಷ್ಟರಲ್ಲಿ ಯಾವುದು ಹೊರೆ, ಯಾವುದು ಸರಾಗ ಎಂದು ತಿಳಿದಿರುತ್ತದೆ. ದೋಸೆಯವರು ಬಟ್ಟೆಗೆ, ಬಟ್ಟೆಯವರು ಬಿಲ್ಲಿಗೆ ಬದಲಾಗಬಹುದು. ಕರ್ನಾಟಕದ ನೆಂಟರ ಮನೆಯ ಸಮಾರಂಭಗಳು ಅಲ್ಲಿನ ದಸರಾ ರಜೆಗೆ ಇರುತ್ತವೆ, ನಮ್ಮ ಮಕ್ಕಳಿಗೆ ಆಗ ಅಷ್ಟುದ್ದ ರಜೆ ಇರುವುದಿಲ್ಲ. ಎಷ್ಟು ದಿನ ಶಾಲೆ ಬಿಡಿಸಬಹುದು, ಯಾವುದಕ್ಕೆ ಒಬ್ಬರೇ ಹೋಗಿ ಬರುವುದು ಎಂಬುದನ್ನೂ ಆಗಲೇ ಬರೆದಿಟ್ಟುಕೊಳ್ಳಿ.