ಮ್ಯಾಗ್ನೆಟ್ ಇಟ್ಟುಕೊಂಡು ವಿಮಾನ ಹತ್ತಬಹುದಾ?

ಕಾರ್ಖಾನೆಗಳಲ್ಲಿ ಮೋಟಾರು, ಪಂಪು, ಗೇರ್‌ಬಾಕ್ಸ್‌ಗಳ ವೈಬ್ರೇಷನ್ ಅಳೆಯುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲ ಸಲ ದೂರದ ಸೈಟಿಗೆ ಹೊರಡುವಾಗ ತಪ್ಪದೆ ಕೇಳುವುದು ಒಂದೇ ಪ್ರಶ್ನೆ: "ಸೆನ್ಸರ್‌ನ ಮ್ಯಾಗ್ನೆಟ್ ವಿಮಾನದಲ್ಲಿ ತಗೊಂಡು ಹೋಗಬಹುದಾ? ದಿಕ್ಸೂಚಿ ಕೆಡಲ್ವಾ?"

ತಗೊಂಡು ಹೋಗಬಹುದು. ದಿಕ್ಸೂಚಿ ಕೆಡುವುದಿಲ್ಲ. ನೀವು ಚಿಂತೆ ಮಾಡಬೇಕಾದ್ದು ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಆಕ್ಸೆಲೆರೋಮೀಟರ್ ಅನ್ನುವ ಬೆರಳುದ್ದದ ಸೆನ್ಸರ್ ಅನ್ನು ಬೇರಿಂಗ್ ಮನೆಯ (ತಿರುಗುವ ದಂಡವನ್ನು ಹಿಡಿದಿರುವ ಬೇರಿಂಗ್‌ನ ಹೊರ ಕವಚ) ಮೇಲೆ ಗಟ್ಟಿಯಾಗಿ ಕೂರಿಸಬೇಕು. ಎಲ್ಲ ಕಡೆ ತೂತು ಕೊರೆದು ತಿರುಪು ಹಾಕಲು ಆಗುವುದಿಲ್ಲ. ಹಾಗಾಗಿ ಸೆನ್ಸರ್‌ನ ತಳಕ್ಕೆ ಒಂದು ಮ್ಯಾಗ್ನೆಟ್ ತಿರುಗಿಸಿ ಅಂಟಿಸುತ್ತೇವೆ. ನೋಡಲು ಚಿಕ್ಕದು. ಕಬ್ಬಿಣಕ್ಕೆ ಕಚ್ಚಿಕೊಂಡರೆ ಕೈಯಿಂದ ನೇರವಾಗಿ ಕೀಳುವುದು ಕಷ್ಟ.

ಭಯ ಹುಟ್ಟುವುದೂ ಅಲ್ಲೇ. ಇಷ್ಟು ಗಟ್ಟಿಯಾಗಿ ಹಿಡಿಯುವ ವಸ್ತು ವಿಮಾನಕ್ಕೆ ಏನು ಮಾಡೀತೋ ಅಂತ. ಆದರೆ ಹಿಡಿತ ಬೇರೆ, ದೂರಕ್ಕೆ ತಲುಪುವ ಬಲ ಬೇರೆ. ಮ್ಯಾಗ್ನೆಟ್‌ನಿಂದ ದೂರ ಎರಡರಷ್ಟಾದರೆ ಅದರ ಬಲ ಅರ್ಧ ಆಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಗೇಣು ದಾಟುವಷ್ಟರಲ್ಲೇ ಅದರ ಜೋರು ಬಹುಪಾಲು ಮುಗಿದಿರುತ್ತದೆ.

ಕಾರ್ಗೋ ಕಳಿಸುವವರಿಗೆ ಇದಕ್ಕೊಂದು ಅಳತೆಯೇ ಇದೆ. ಕಟ್ಟಿದ ಪೆಟ್ಟಿಗೆಯಿಂದ 7 ಅಡಿ ದೂರದಲ್ಲಿ ಕಾಂತಬಲ 0.002 ಗೌಸ್‌ಗಿಂತ (ಗೌಸ್ ಅಂದರೆ ಕಾಂತಬಲದ ಅಳತೆ) ಕಡಿಮೆ ಇದ್ದರೆ ಅದು ಮಾಮೂಲಿ ಸರಕು. ಅದಕ್ಕಿಂತ ಜಾಸ್ತಿ ಇದ್ದರೆ ಅಪಾಯಕಾರಿ ಸರಕಿನ ಪಟ್ಟಿಗೆ ಸೇರುತ್ತದೆ, 9ನೇ ವರ್ಗ, ಯುಎನ್ 2807 (ಅಂಥ ಸರಕಿಗೆ ವಿಶ್ವಸಂಸ್ಥೆ ಕೊಟ್ಟ ಗುರುತಿನ ಸಂಖ್ಯೆ). 15 ಅಡಿ ದೂರದಲ್ಲೂ 0.00525 ಗೌಸ್ ಮೀರಿದರೆ ವಿಮಾನಕ್ಕೆ ಹತ್ತಿಸುವ ಹಾಗೇ ಇಲ್ಲ. ಇದನ್ನು ಭೂಮಿಯದ್ದೇ ಕಾಂತಬಲದ ಪಕ್ಕ ಇಟ್ಟು ನೋಡಿ: ಅದು 0.25ರಿಂದ 0.65 ಗೌಸ್. ಅಂದರೆ ಮೊದಲ ಮಿತಿ ಭೂಮಿಯ ಬಲದ ನೂರನೇ ಒಂದು ಪಾಲೂ ಅಲ್ಲ. ಅಷ್ಟು ಬಿಗಿ.

ಒಮ್ಮೆ ಸುಮ್ನೆ ಕೂತು ಲೆಕ್ಕ ಹಾಕಿದೆ. 25 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಅನ್ನುವ ಜೋರು ಮ್ಯಾಗ್ನೆಟ್‌ನ ಬರೀ ಬಿಲ್ಲೆ, ಸುತ್ತ ಏನೂ ಇಲ್ಲ. 7 ಅಡಿಯಲ್ಲಿ ಅದು ಕೊಡುವುದು ಹೆಚ್ಚುಕಮ್ಮಿ 0.001 ಗೌಸ್. ಮಿತಿಯ ಅರ್ಧ. ಅಂಥ ಮೂರನ್ನು ಒಂದರ ಮೇಲೊಂದು ಕಂಬದ ಹಾಗೆ ಪೇರಿಸಿದರೆ ಮಾತ್ರ ಮಿತಿ ದಾಟುತ್ತದೆ. ನಮ್ಮ ಸೆನ್ಸರ್ ಮ್ಯಾಗ್ನೆಟ್‌ಗಳೋ ಉಕ್ಕಿನ ಬಟ್ಟಲಿನಲ್ಲಿ ಕೂತಿರುತ್ತವೆ. ಮುಖಕ್ಕೆ ಒಂದು ಕಬ್ಬಿಣದ ತಟ್ಟೆ ಮುಚ್ಚಿದರೆ ಬಲವೆಲ್ಲ ಆ ಕಬ್ಬಿಣದೊಳಗೇ ಸುತ್ತು ಹೊಡೆಯುತ್ತದೆ, ಹೊರಗೆ ಬರುವುದು ತೀರಾ ಕಡಿಮೆ. ಕೊಂಡಾಗ ಜೊತೆಗೆ ಬಂದ ಆ ತಟ್ಟೆಯನ್ನು ದಯವಿಟ್ಟು ಕಸಕ್ಕೆ ಎಸೆಯಬೇಡಿ. ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ನಿಲ್ಲಿಸುವ ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇದ್ದರೆ ಗುಂಡಿ ತಿರುಗಿಸಿ ಆಫ್ ಮಾಡಿಡಿ, ಅಷ್ಟೇ.

ಹಾಗಾದರೆ ತೊಂದರೆ ಎಲ್ಲಿ? ಎಕ್ಸ್‌ರೇ ಮೇಜಿನ ಹತ್ತಿರ. ಕಪ್ಪಗೆ ಗಟ್ಟಿ ಗಡ್ಡೆ, ಅದರಿಂದ ಹೊರಟ ಸುರುಳಿ ವೈರು, ಪಕ್ಕದಲ್ಲಿ ಬ್ಯಾಟರಿ ಇರುವ ಡಬ್ಬಿ. ಪರದೆಯ ಮೇಲೆ ಇದು ಹೇಗೆ ಕಾಣುತ್ತದೆ ಅಂತ ನೀವೇ ಯೋಚಿಸಿ. ಒಮ್ಮೆ ಒಬ್ಬ ಅಧಿಕಾರಿ ನನ್ನ ಮ್ಯಾಗ್ನೆಟ್ ಕೈಗೆತ್ತಿಕೊಂಡು ನೋಡುತ್ತಿದ್ದರು. ಅದು ಟಕ್ ಅಂತ ಉಕ್ಕಿನ ಮೇಜಿಗೆ ಹಾರಿ ಕೂತಿತು. ಎಳೆದರು, ಬರಲಿಲ್ಲ. ಎರಡು ಕೈ ಹಾಕಿದರು. ಸಾಲಿನಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. "ಸಾರ್, ಮೇಲಕ್ಕೆ ಎಳೀಬೇಡಿ, ಒಂದು ಕಡೆ ವಾಲಿಸಿ" ಅಂದೆ. ಅಂಚಿನ ಮೇಲೆ ವಾಲಿಸಿದ ತಕ್ಷಣ ಬಿಟ್ಟುಕೊಂಡಿತು. ಅವರು ನಕ್ಕರು, ನಾನು ಉಸಿರು ಬಿಟ್ಟೆ.

(ಯಂತ್ರಕ್ಕೆ ಕೂರಿಸುವುದೂ ಹೀಗೇ. ಮೊದಲು ಅಂಚು ತಾಗಿಸಿ, ನಿಧಾನಕ್ಕೆ ಮಲಗಿಸಬೇಕು. ಟಕ್ ಅಂತ ಬಡಿಯಲು ಬಿಟ್ಟರೆ ಸೆನ್ಸರ್‌ಗೆ ಒಂದು ಕ್ಷಣ ಸಾವಿರಾರು ಜಿ (ಗುರುತ್ವದ ಸಾವಿರಾರು ಪಟ್ಟು) ಪೆಟ್ಟು ಬೀಳಬಹುದು. ಒಳಗಿನ, ಕಂಪನ ಹಿಡಿಯುವ ಹರಳು ಕೆಡುವುದು ವಿಮಾನದಲ್ಲಲ್ಲ, ಹೀಗೆ.)

ಆ ದಿನದಿಂದ ಮ್ಯಾಗ್ನೆಟ್, ಸ್ಪ್ಯಾನರ್, ಸ್ಟ್ಯಾಂಡ್ ಎಲ್ಲ ಚೆಕ್-ಇನ್ ಬ್ಯಾಗಿಗೆ. ಸೆನ್ಸರ್ ಮತ್ತು ಡೇಟಾ ಕಲೆಕ್ಟರ್ (ಸೆನ್ಸರ್ ಓದಿದ್ದನ್ನು ದಾಖಲಿಸುವ ಆ ಬ್ಯಾಟರಿ ಡಬ್ಬಿ) ಕೈಯಲ್ಲಿ. ಮ್ಯಾಗ್ನೆಟ್ ಮಟ್ಟಿಗೆ ಇದು ನನ್ನ ರೂಢಿ, ನಿಯಮ ಅಲ್ಲ.

ನಿಯಮ ಇರುವುದು ಬ್ಯಾಟರಿಗೆ. ಎಲ್ಲರೂ ಮ್ಯಾಗ್ನೆಟ್ ಬಗ್ಗೆ ಕೇಳುತ್ತಾರೆ, ಇದರ ಬಗ್ಗೆ ಒಬ್ಬರೂ ಕೇಳಲ್ಲ! ಕಲೆಕ್ಟರ್‌ನ ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಿನಲ್ಲಿ ಹಾಕುವ ಹಾಗಿಲ್ಲ, ಕೈಚೀಲದಲ್ಲೇ ಬರಬೇಕು, ತುದಿಗಳಿಗೆ ಟೇಪ್ ಸುತ್ತಿ. 100 ವ್ಯಾಟ್-ಅವರ್ ತನಕ ಸಾಮಾನ್ಯವಾಗಿ ಯಾರ ಅನುಮತಿಯೂ ಬೇಡ. 100ರಿಂದ 160ರ ನಡುವೆ ಇದ್ದರೆ ವಿಮಾನ ಕಂಪನಿಯನ್ನು ಮೊದಲೇ ಕೇಳಬೇಕು. ಬ್ಯಾಟರಿಯ ಮೇಲೆ ವ್ಯಾಟ್-ಅವರ್ ಬರೆದಿಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 7.4 ವೋಲ್ಟ್, 5.2 ಆಂಪಿಯರ್-ಅವರ್ ಅಂದರೆ 38.5ರ ಹತ್ತಿರ, ಆರಾಮ.

ಇನ್ನು ಚೆಕ್-ಇನ್ ಬ್ಯಾಗ್ ಬಾರದೇ ಹೋದರೆ? ಒಂದು ಸಲ ಬರಲಿಲ್ಲ. ಸೆನ್ಸರ್ ಕೈಯಲ್ಲಿದೆ, ಮ್ಯಾಗ್ನೆಟ್ ಯಾವುದೋ ಊರಿನಲ್ಲಿದೆ. ಅವತ್ತು ಕೆಲಸ ನಡೆದದ್ದು ಜೇನುಮೇಣದಿಂದ. ತೆಳ್ಳಗೆ ಸವರಿ ಒತ್ತಿದರೆ ಸೆನ್ಸರ್ ಚೆನ್ನಾಗಿ ಕೂರುತ್ತದೆ, ಮೇಲಿನ ಫ್ರೀಕ್ವೆನ್ಸಿಗಳಲ್ಲಿ (ತುಂಬಾ ವೇಗದ ಕಂಪನಗಳಲ್ಲಿ) ಮ್ಯಾಗ್ನೆಟ್‌ಗಿಂತ ಚೆನ್ನಾಗಿಯೇ ಓದುತ್ತದೆ. ಬೇರಿಂಗ್ ಬಿಸಿಯಾಗಿದ್ದರೆ ಮಾತ್ರ ಆಗದು, 40 ಡಿಗ್ರಿ ದಾಟಿದರೆ ಮೇಣ ಮೆತ್ತಗಾಗಿ ಸೆನ್ಸರ್ ಜಾರುತ್ತದೆ. ಅಂದಿನಿಂದ ನನ್ನ ಕೈಚೀಲದಲ್ಲಿ ಒಂದು ಪುಟ್ಟ ಡಬ್ಬಿ ಮೇಣ ಇದ್ದೇ ಇರುತ್ತದೆ.